ಮದ್ದಿನ ಚೀಲಕ್ಕೆ ಹಾಕಿದ ತುತ್ತು

ನಮ್ಮ ಗರಾಜಿನಲ್ಲಿ ನನಗಿಂತ ಒಂದು ಬೆರಳು ಎತ್ತರದ ಬಂದೂಕು ಇದೆ. ನಾನು ಕುಳ್ಳಿ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಅದು ಬಂದೂಕಾಗಿ ಬರಲಿಲ್ಲ, ಪೆಟ್ಟಿಗೆಯಲ್ಲಿ ತುಂಡುತುಂಡಾಗಿ ಬಂತು: ಉದ್ದನೆಯ ಕಬ್ಬಿಣದ ನಳಿಗೆ, ಚಕಮಕಿ ಕಲ್ಲನ್ನು ಕಚ್ಚಿಕೊಳ್ಳುವ ಕುದುರೆ, ಹಿತ್ತಾಳೆಯ ಚೂರುಪಾರು, ಕೆತ್ತದೆ ಬಿಟ್ಟ ಮೇಪಲ್ ಮರ. ನಮ್ಮ ಮನೆಯವರು ಎರಡು ಚಳಿಗಾಲ ಅದನ್ನು ಉಳಿಯಿಂದ ಕೆತ್ತಿದರು, ಅರದಿಂದ ಉಜ್ಜಿದರು. ಆ ಎರಡು ಚಳಿಗಾಲವೂ ನನ್ನ ಕಾರು ಹೊರಗೆ ಹಿಮದಲ್ಲಿ ನಿಂತಿತು. ಮರಕ್ಕೆ ಅವರು ತಿಕ್ಕುತ್ತಿದ್ದುದು ಅಗಸೆ ಎಣ್ಣೆ. ಗರಾಜಿನ ಬಾಗಿಲು ತೆಗೆದರೆ ಅಗಸಿ ಚಟ್ನಿಯ ವಾಸನೆ ಮೂಗಿಗೆ ಬಡಿದು ಹೊಟ್ಟೆ ಹಸಿಯುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ಬಂದೂಕು. ಸಿಟ್ಟಿಗೇಳಬೇಕೋ ಊಟಕ್ಕೆ ಕೂರಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಬಂದೂಕು ಹಿಡಿಯುವ ಜಾತಿಯ ಮನುಷ್ಯನಾಗಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ. ನಮ್ಮವರು ಹೋಟೆಲಿನಲ್ಲಿ ಕೇಳಿದ್ದು ಬಿಟ್ಟು ಬೇರೆ ಏನನ್ನೋ ತಂದಿಟ್ಟರೆ ಅದನ್ನೇ ತಿಂದು ಥ್ಯಾಂಕ್ಯೂ ಹೇಳಿ ಬರುವವರು. ದೊಡ್ಡ ಕಟ್ಟಡಗಳಿಗೆ ನೀರಿನ ಪೈಪು ಎಲ್ಲೆಲ್ಲಿ ಹಾಯಬೇಕು ಎಂದು ನಕ್ಷೆ ಬರೆಯುವ ಇಂಜಿನಿಯರ್. ಇಪ್ಪತ್ತು ವರ್ಷ ನಮ್ಮೂರು ಮನ್ರೋದಿಂದ ಮೆಟುಚೆನ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ನ್ಯೂಯಾರ್ಕಿಗೆ ರೈಲಿನಲ್ಲಿ ಕಮ್ಯೂಟ್ ಮಾಡಿದರು. ಕೋವಿಡ್ ಬಂದ ಮೇಲೆ ಮನೆಯಿಂದಲೇ ಕೆಲಸ, ರೈಲು ತಪ್ಪಿತು. ಮೊದಲು ನನಗೆ ಖುಷಿಯಾಗಿತ್ತು. ಆಮೇಲೆ ಗಮನಿಸಿದೆ: ಇಡೀ ದಿನದಲ್ಲಿ ಅವರ ಕೋಣೆಯಿಂದ ನನಗೆ ಕೇಳಿಸುತ್ತಿದ್ದ ಮಾತೆಂದರೆ, ಯಾರೋ ಅವರಿಗೆ 'ಯು ಆರ್ ಆನ್ ಮ್ಯೂಟ್' ಎನ್ನುವುದು. ಅವರು ಮ್ಯೂಟ್ ತೆಗೆಯುವಷ್ಟರಲ್ಲಿ ಮಾತು ಬೇರೆಯವರ ಪಾಲಾಗಿರುತ್ತಿತ್ತು.

ಇದೆಲ್ಲ ಶುರುವಾದದ್ದು ನನ್ನಿಂದಲೇ. ನಾನು ಮಾರಿಸ್‌ಟೌನಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು; ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗ. ಒಂದು ಶನಿವಾರ ಕೆಲಸವಿತ್ತು, ನನ್ನ ಕಾರು ರಿಪೇರಿಗೆ ಹೋಗಿತ್ತು. ನನ್ನನ್ನು ಆಫೀಸಿಗೆ ಬಿಟ್ಟು, ಸಂಜೆ ಕರೆದೊಯ್ಯಲು ಕಾಯುತ್ತಿದ್ದ ಮನೆಯವರು ಹೊತ್ತು ಕಳೆಯಲು ಅಡ್ಡಾಡುತ್ತ ಊರ ಹೊರಗಿನ ಒಂದು ಮೈದಾನಕ್ಕೆ ಹೋದರಂತೆ. ಅಲ್ಲಿ ಇನ್ನೂರೈವತ್ತು ವರ್ಷದ ಹಿಂದಿನ ಅಂಗಿ ತೊಟ್ಟ ಗಂಡಸರು ಸಾಲಾಗಿ ನಿಂತು ಬಂದೂಕು ಹಾರಿಸುತ್ತಿದ್ದರಂತೆ. ಇಂಗ್ಲೆಂಡಿನ ರಾಜನ ವಿರುದ್ಧ ಇಲ್ಲಿನವರು ಮಾಡಿದ ಯುದ್ಧದ ಕಾಲವನ್ನು ಬದುಕಿ ತೋರಿಸುವ ಹವ್ಯಾಸಿಗಳು. ಸಂಜೆ ಕಾರಿನಲ್ಲಿ ಮನ್ರೋ ಬರುವವರೆಗೆ ನಮ್ಮವರು ಬಾಯಿ ಮುಚ್ಚಲಿಲ್ಲ. ನನಗೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

ಅವರು ವಿವರಿಸಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಈ ಬಂದೂಕಿಗೆ ಹಿಂದಿನಿಂದ ತೋಟಾ ಹಾಕುವ ವ್ಯವಸ್ಥೆ ಇಲ್ಲ, ಎಲ್ಲವೂ ಬಾಯಿಂದಲೇ ಹೋಗಬೇಕು. ಕಾಗದದಲ್ಲಿ ಸುತ್ತಿಟ್ಟ ಮದ್ದಿನ ಪೊಟ್ಟಣವನ್ನು ಹಲ್ಲಿನಿಂದ ಹರಿದು ನಳಿಗೆಯ ಬಾಯಿಗೆ ಸುರಿಯುವುದು. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ, ಕಿಡಿಯಿಂದ ಹೊಗೆ, ಹೊಗೆಯ ಹಿಂದೆ ಶಬ್ದ. ನಿಜವಾದ ಯುದ್ಧದಲ್ಲಿ ಮದ್ದಿನ ಮೇಲೆ ಸೀಸದ ಗುಂಡು ಕೂರುತ್ತಿತ್ತು. ಮೈದಾನದಲ್ಲಿ ಗುಂಡು ಇಲ್ಲ, ಬರೀ ಮದ್ದು. ಗುಂಡಾಗಲಿ ಚರೆಯಾಗಲಿ, ಸೀಸದ ಒಂದು ಕಾಳು ಯಾರ ಚೀಲದಲ್ಲಾದರೂ ಸಿಕ್ಕರೆ ಆ ಮನುಷ್ಯನಿಗೆ ಅವತ್ತೇ ಕೊನೆ, ಮತ್ತೆ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಮೈದಾನಕ್ಕೆ ಕಟ್ಟಿದ ಹಗ್ಗದ ಆಚೆ ಮಕ್ಕಳುಮರಿ ನಿಂತು ನೋಡುತ್ತಿರುತ್ತಾರಲ್ಲ, ಆ ಕಟ್ಟುನಿಟ್ಟು ನನಗೂ ಸರಿಯೆನಿಸಿತ್ತು.

ತಿಳಿಯದೆ ಹೋದದ್ದು ಬೇರೆ. ಆ ಯುದ್ಧ ನಮ್ಮದಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಆಗ ಮಲಪ್ರಭೆಯ ದಂಡೆಯಲ್ಲಿ ಜೋಳ ಬಿತ್ತುತ್ತಿದ್ದರು. ಈ ದೇಶ ಇದೆ ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ ಹಾಗೆ, ಮನ್ರೋದ ಉಳಿದ ಗಂಡಸರು ಪಿಕಲ್‌ಬಾಲ್ ಆಡುತ್ತಾರೆ, ನಮ್ಮವರು ಮಂಡಿಯುದ್ದದ ಚಡ್ಡಿ ಹಾಕಿ ಹುಲ್ಲಿನ ಮೇಲೆ ಕವಾಯತು ಮಾಡುತ್ತಾರೆ. ಯುಗಾದಿ ಊಟದಲ್ಲಿ ಮೈಸೂರಿನ ಕಡೆಯ ಒಬ್ಬ ಅಂಕಲ್, ನಿಮ್ಮ ಯಜಮಾನರು ಬ್ರಿಟಿಷರ ಮೇಲೆ ಇನ್ನೂ ಯುದ್ಧ ಮುಗಿಸಿಲ್ಲವಂತಲ್ಲಾ ಎಂದು ಕೇಳಿದರು. ಪಂಕ್ತಿಯವರೆಲ್ಲ ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಜಗಳ ತೆಗೆದೆ. ಮಗಳು ಬಾಸ್ಟನ್‌ನಿಂದ ಫೋನಿನಲ್ಲೇ ತೀರ್ಪು ಕೊಟ್ಟಳು: "ಅಮ್ಮಾ, ಎ ಗನ್ ಇನ್ ದಿ ಹೌಸ್ ಈಸ್ ನಾಟ್ ಓಕೆ." ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಎಂದು ಒಂದನೇ ಕ್ಲಾಸಿನಿಂದಲೇ ದೀಪ ಆರಿಸಿ ಮೇಜಿನ ಕೆಳಗೆ ಅಡಗುವ ಡ್ರಿಲ್ ಮಾಡುತ್ತ ಬೆಳೆದವಳು ಅವಳು. ಅವಳ ಮಾತನ್ನು ಮನೆಯವರಿಗೆ ಹಾಗೇ ದಾಟಿಸಿದೆ. ಅವರು ಬೀಗದ ಕಪಾಟು ತಂದು, ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಕೀಲಿ ನನ್ನ ಬಳಿ, ಬಂದೂಕು ಅವರದು, ಯುದ್ಧ ಮೂರನೆಯವರದು.

ಒಂದು ದಿನ ನೇರವಾಗಿ ಕೇಳಿಬಿಟ್ಟೆ, ಇದರಾಗ ನಿಮಗೇನು ಸಿಗತೈತಿ ಅಂತ. ಅವರು ಅರ ಕೆಳಗಿಟ್ಟು ಕೈಗಂಟಿದ ಪುಡಿ ಒರೆಸಿಕೊಂಡರು.

"ಸಾಲಿನಾಗ ನಿಂತಾಗ ನನ್ನ ಎಡಕ್ಕ ಒಬ್ಬಾವ ಇರ್ತಾನ, ಬಲಕ್ಕ ಒಬ್ಬಾವ ಇರ್ತಾನ. ನಾ ತಪ್ಪಿದ್ರ ಅವರಿಗೆ ಗೊತ್ತಾಗತೈತಿ," ಎಂದರು. "ಬ್ಯಾರೆ ಕಡೆ ನಾ ತಪ್ಪಿದ್ರೂ ಯಾರಿಗೂ ಗೊತ್ತಾಗೂದಿಲ್ಲ."

ಇದೊಂದು ಉತ್ತರವೇ ಎಂದು ನನಗೆ ರೇಗಿತು. ಆದರೆ ರಾತ್ರಿ ಅಡುಗೆ ಮಾಡುವಾಗಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ಆ ತಂಡದ ಪದ್ಧತಿಯೆಂದರೆ, ಹೊಸಬರು ಒಂದು ವರ್ಷ ಬಂದೂಕಿಲ್ಲದೆ ಕವಾಯತು ಮಾಡಬೇಕು, ಸೌದೆ ಒಡೆಯಬೇಕು, ನೀರು ಹೊರಬೇಕು. ವರ್ಷ ತುಂಬಿದ ಮೇಲೆ, ಎಲ್ಲರೂ ಒಪ್ಪಿದರೆ, ಸಾಲಿನಲ್ಲಿ ನಿಂತು ಜನರೆದುರು ಹಾರಿಸಬಹುದು. ನಮ್ಮವರ ವರ್ಷ ಹೋದ ಏಪ್ರಿಲ್‌ಗೆ ತುಂಬುತ್ತಿತ್ತು. ಜನವರಿಯಿಂದಲೇ ಅವರು ಗರಾಜಿನಲ್ಲಿ ಖಾಲಿ ಬಂದೂಕು ಹಿಡಿದು, ಬಾಯಲ್ಲಿ ಲೆಕ್ಕ ಹಾಕುತ್ತ, ಇಲ್ಲದ ಮದ್ದನ್ನು ಸುರಿಯುವುದು ಕಲಿತರು. ಒನ್, ಟು, ತ್ರೀ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ಹತ್ತು ದಾಟಿದ ಮೇಲೆ ತಮಗೇ ಗೊತ್ತಿಲ್ಲದೆ ಹನ್ನೊಂದು, ಹನ್ನೆರಡು ಎಂದು ಕನ್ನಡಕ್ಕೆ ಇಳಿಯುತ್ತಿದ್ದರು. ಮದುವೆಗೂ ಅವರು ಇಷ್ಟು ತಯಾರಿ ಮಾಡಿಕೊಂಡಿರಲಿಲ್ಲ.

ಬಂದೂಕು ಒಂದೇ ಸಾಲದು. ಉಡುಪು, ಟೋಪಿ, ಚೀಲ ಎಲ್ಲವೂ ಆ ಕಾಲದ ಹಾಗೇ ಇರಬೇಕು, ಹೊಲಿಗೆ ಕಣ್ಣಿಗೆ ಬೀಳುವ ಕಡೆ ಮಿಷನ್ ಹೊಲಿಗೆ ನಡೆಯುವುದಿಲ್ಲ. ನಮ್ಮವರು ಮದ್ದಿನ ಪೊಟ್ಟಣ ಇಟ್ಟುಕೊಳ್ಳುವ ಚೀಲವನ್ನು ದಪ್ಪ ಲಿನನ್ ಬಟ್ಟೆಯಲ್ಲಿ ಹೊಲಿಯಲು ಕೂತರು. ಮೂರು ದಿನಕ್ಕೆ ನಾಲ್ಕು ಬೆರಳು ಹೊಲಿಗೆ, ಅದರಲ್ಲೂ ಎರಡು ಬೆರಳು ಅವರ ತೊಡೆಯ ಪ್ಯಾಂಟಿಗೆ ಸೇರಿಸಿ. ನೋಡಲಾರದೆ ಸೂಜಿ ಕಸಿದುಕೊಂಡೆ.

ನನಗೆ ಹೊಲಿಗೆ ಬರುತ್ತದೆ ಎಂಬುದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ನಮ್ಮ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಇಳಕಲ್ಲ ಸೀರೆ, ಹರಿದ ಧೋತರ, ಅಂಗಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತುತ್ತ ಟಾಕು ಹಾಕಿಕೊಂಡು ಬರುವುದು. ಕಾಲೇಜಿನ ಸೂಟಿಯಲ್ಲಿ ಊರಿಗೆ ಹೋದಾಗಲೆಲ್ಲ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಮೂಲೆ ಕೊಡುತ್ತಿದ್ದಳು. ನಾನು ಇಂಜಿನಿಯರಿಂಗ್ ಓದುವ ಹುಡುಗಿ, ಚಿಂದಿ ಹೊಲಿಯಲು ನಾಚಿಕೆಯಾಗುತ್ತಿತ್ತು. ಮನಸ್ಸು ಬೇಡವೆಂದರೂ ಬೆರಳು ಕಲಿತುಬಿಟ್ಟಿತ್ತು.

ತಂಡದಲ್ಲಿ ಬಟ್ಟೆಬರೆ ನೋಡಿಕೊಳ್ಳುವವರು ಎಪ್ಪತ್ತು ದಾಟಿದ ಒಬ್ಬ ಬಿಳಿಯ ಅಜ್ಜಿ, ನಿವೃತ್ತ ಟೀಚರ್. ಸೊಂಟದಲ್ಲಿ ರಿಬ್ಬನ್ನಿಗೆ ಕಟ್ಟಿದ ಸಣ್ಣ ಕತ್ತರಿ ಸದಾ ತೂಗಾಡುತ್ತಿರುತ್ತದೆ. ಅವರು ನಮ್ಮ ಮನೆಗೆ ಬಂದು, ನನ್ನ ಅರ್ಧ ಹೊಲಿದ ಚೀಲವನ್ನು ಭೂತಗನ್ನಡಿ ಹಿಡಿದು ನೋಡಿ, ಇದನ್ನು ಯಾರ ಹತ್ತಿರ ಕಲಿತೆ ಎಂದು ಕೇಳಿದರು. ಅಜ್ಜಿ ಎಂದೆ. ಇಂಥ ಹಳೆಯ ಹೊಲಿಗೆ ಈಗ ಮ್ಯೂಸಿಯಂನವರಿಗಷ್ಟೇ ಬರುತ್ತದೆ, ನಿನ್ನ ಅಜ್ಜಿಯ ಮ್ಯೂಸಿಯಂ ಯಾವುದು ಎಂದರು. ನಮ್ಮಜ್ಜಿಗೆ ಮ್ಯೂಸಿಯಂ ಇರಲಿಲ್ಲ, ಎರಡು ಎಮ್ಮೆ ಇದ್ದವು. ನಾನು ಇಷ್ಟು ದಿನ ಮುಚ್ಚಿಟ್ಟುಕೊಂಡ ಬಡತನದ ಹೊಲಿಗೆ ಇವರ ಪ್ರಕಾರ ಅಪ್ಪಟ ಹದಿನೆಂಟನೇ ಶತಮಾನದ್ದು. ಹೊಗಳುತ್ತಿದ್ದಾರೋ, ನಮ್ಮಜ್ಜಿ ಇನ್ನೂರು ವರ್ಷ ಹಿಂದುಳಿದಿದ್ದಳು ಎನ್ನುತ್ತಿದ್ದಾರೋ ಗೊತ್ತಾಗಲಿಲ್ಲ. ನೀನೂ ಬಾ, ಅಂದಿನ ಹೆಂಗಸರ ಉಡುಪು ತೊಟ್ಟು ನಮ್ಮ ಜೊತೆ ಹಗ್ಗದ ಒಳಗೆ ಕೂತು ಹೊಲಿ ಎಂದು ಕರೆದರು. ಆಗಲ್ಲ ಎಂದೆ. ಮನೆಗೊಬ್ಬ ಹುಚ್ಚ ಸಾಕು.

ಇನ್ನು ತುತ್ತಿನ ವಿಷಯ. ಕೌದಿ ಮುಗಿಯುವ ಮುಂಚೆ, ಕೊನೆಯ ಮೂಲೆ ಮುಚ್ಚುವಾಗ ನಮ್ಮಜ್ಜಿ ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. "ಹಸದ ಕೌದಿ ಹೊತ್ಕೊಂಡಾವನ ನಿದ್ದಿ ತಿಂತೈತಿ," ಎನ್ನುತ್ತಿದ್ದಳು. ಕೌದಿ ಇರಲಿ, ಕೈಚೀಲ ಇರಲಿ, ಖಾಲಿ ಹೊಟ್ಟೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ. ಅಮಾವಾಸ್ಯೆ ದಿನ ಈ ಮನೆಯ ಕಾಗದಕ್ಕೆ ಸಹಿ ಹಾಕಿದವಳು ನಾನು. ಆದರೂ ಮಾರ್ಚಿನ ಒಂದು ಮಧ್ಯಾಹ್ನ ಚೀಲದ ಕೊನೆಯ ಮೂಲೆ ಉಳಿದಾಗ ಕೈ ತಾನಾಗಿ ನಿಂತಿತು. ಅವರು ಅದನ್ನು ಹೆಗಲಿಗೆ ಹಾಕಿ, ಮದ್ದು ತುಂಬಿಕೊಂಡು, ಜನರೆದುರು ನಿಲ್ಲುತ್ತಾರೆ. ಖಾಲಿ ಬಿಡಲು ಹೆದರಿಕೆಯಾಯಿತು. ಯಾಕೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ರೊಟ್ಟಿ ಹಾಕಬೇಕಿತ್ತು. ನನ್ನ ಜಾಣತನ ಅಲ್ಲಿ ಅಡ್ಡ ಬಂತು. ರೊಟ್ಟಿಗೆ ಬೂಸು ಹಿಡಿಯುತ್ತದೆ, ಗರಾಜಿಗೆ ಇಲಿ ಬರುತ್ತದೆ. ಒಣಗಿದ ಕಾಳಾದರೆ ಹಾಳಾಗದು ಎಂದು ಡಬ್ಬಿಯಿಂದ ಏಳು ಕಾಳು ಬಿಳಿಜೋಳ ತೆಗೆದು ಮೂಲೆಗೆ ಹಾಕಿ, ಹೊಲಿದು, ಮೇಲೆ ಅಗಸೆ ಎಣ್ಣೆ ಬಳಿಯಲು ಅವರ ಕೈಗೆ ಕೊಟ್ಟೆ. ಅವರಿಗೆ ಹೇಳಲಿಲ್ಲ. ಬೇರೆಯವರ ತಪ್ಪು ಹುಡುಕಿ ಬದುಕುವವಳಿಗೆ, ಗುಂಡಗಿನ ಗಟ್ಟಿ ಕಾಳು ಮದ್ದಿನ ಚೀಲದಲ್ಲಿದ್ದರೆ ಏನಾಗಬಹುದು ಎಂದು ಹೊಳೆಯಲೇ ಇಲ್ಲ.

ಏಪ್ರಿಲ್‌ನ ಆ ಶನಿವಾರ ಮಾರಿಸ್‌ಟೌನಿನಲ್ಲಿ ಬಿಸಿಲಿತ್ತು, ಗಾಳಿಯೂ ಇತ್ತು. ನಾನು ಪ್ರೇಕ್ಷಕರ ಜೊತೆ ಹಗ್ಗದ ಹೊರಗೆ ನಿಂತೆ. ಒಳಗೆ ಹನ್ನೆರಡು ಜನ ಸಾಲಾಗಿ ನಿಂತರು, ನಮ್ಮವರು ಎಡದಿಂದ ಐದನೆಯವರು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ನನ್ನನ್ನು ಗುರುತು ಹಿಡಿದರು. ನನ್ನ ಆಫೀಸಿನ ಹೊಸ ಮ್ಯಾನೇಜರ್, ನನಗಿಂತ ಹದಿನೈದು ವರ್ಷ ಚಿಕ್ಕ ಬಿಳಿಯ ಹೆಂಗಸು, ಇಬ್ಬರು ಮಕ್ಕಳ ಜೊತೆ ಬಂದಿದ್ದಳು. ನೀನು ಇಲ್ಲಿ ಹೇಗೆ, ಇದರಲ್ಲಿ ಯಾರಾದರೂ ಗೊತ್ತಾ ಎಂದು ಕೇಳಿದಳು. ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ.

ಯಾಕೆ ಹಾಗೆ ಹೇಳಿದೆ? ಬಿಳಿಯರ ಸಾಲಿನಲ್ಲಿ ನಮ್ಮವರೊಬ್ಬರೇ ಕಂದು ಬಣ್ಣದವರು, ಮೂರುಮೂಲೆಯ ಟೋಪಿ, ಮಂಡಿಯುದ್ದದ ಚಡ್ಡಿ. ಸೋಮವಾರ ಆಫೀಸಿನಲ್ಲಿ ಆ ಕಥೆ ನಡೆಯುವುದು ಬೇಡವಾಗಿತ್ತು. ಇಷ್ಟೇ ಕಾರಣ. ಬರೆಯುವಾಗಲೂ ಇದು ಬಹಳ ಸಣ್ಣದಾಗಿ ಕಾಣುತ್ತಿದೆ.

ಹಾರಿಸುವ ಮುಂಚೆ ತಪಾಸಣೆ. ತಪಾಸಣೆ ಮಾಡುವವರು ಫೈರ್ ಡಿಪಾರ್ಟ್‌ಮೆಂಟಿನಿಂದ ನಿವೃತ್ತರಾದ ಬಿಳಿ ಮೀಸೆಯ ಒಬ್ಬ ಹಿರಿಯರು. ಪ್ರತಿಯೊಬ್ಬರ ನಳಿಗೆಗೂ ಕಬ್ಬಿಣದ ಕೋಲು ಇಳಿಬಿಟ್ಟು ತಳ ಮುಟ್ಟಿದ ಟಣ್ ಶಬ್ದ ಕೇಳುತ್ತ, ಕಲ್ಲು ಮುಟ್ಟುತ್ತ, ಚೀಲಕ್ಕೆ ಕೈಹಾಕಿ ಹೊಲಿಗೆಯ ಅಂಚನ್ನು ಬೆರಳಿನಿಂದ ಸವರುತ್ತ ಸಾಲಿನುದ್ದಕ್ಕೂ ಬಂದರು. ನಮ್ಮವರ ಬಂದೂಕು ಚೆನ್ನಾಗಿ ಟಣ್ ಎಂದಿತು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಹಿರಿಯರ ಕೈ ಚೀಲದೊಳಗೆ ನಿಂತುಬಿಟ್ಟಿತು. ಮೂಲೆಯನ್ನು ಎರಡು ಬೆರಳಿನಲ್ಲಿ ಹಿಸುಕಿದರು, ಮತ್ತೆ ಹಿಸುಕಿದರು. ಏನೋ ಕೇಳಿದರು. ನಮ್ಮವರು ತಲೆ ಅಲ್ಲಾಡಿಸಿದರು.

ಕೇಳಿದ್ದು ಏನೆಂದು ಆಮೇಲೆ ತಿಳಿಯಿತು. ಹೊಲಿಗೆಯೊಳಗೆ ಇರುವುದೇನು ಎಂದರಂತೆ. ಇವರು, "ಐ ಡೋಂಟ್ ನೋ," ಎಂದರಂತೆ. ನಿಜವನ್ನೇ ಹೇಳಿದರು. ಆದರೆ ತನ್ನ ಮದ್ದಿನ ಚೀಲದಲ್ಲಿ ಸೀಸದ ಚರೆಯಂತೆ ಬೆರಳಿಗೆ ಸಿಗುವುದು ಏನೆಂದು ಗೊತ್ತಿಲ್ಲ ಎನ್ನುವ ಮನುಷ್ಯನನ್ನು ಯಾವ ತಪಾಸಣೆಯವನು ಸಾಲಿನಲ್ಲಿ ಬಿಡುತ್ತಾನೆ?

ಅವರ ಕೈಯಿಂದ ಬಂದೂಕು ತೆಗೆದುಕೊಂಡರು. ಎರಡು ಹೆಜ್ಜೆ ಮುಂದೆ ಬರಲು ಹೇಳಿದರು. ಹನ್ನೊಂದು ಜನ ನೇರ ನೋಡುತ್ತ ನಿಂತರು. ನಮ್ಮವರು ಚೀಲದ ಪಟ್ಟಿ ಬಿಚ್ಚತೊಡಗಿ, ಬಿಚ್ಚುತ್ತಲೇ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದರು. ಕಣ್ಣು ಸಿಕ್ಕಿತು. ಆ ಕ್ಷಣವೇ ನನಗೆ ಜೋಳ ನೆನಪಾಯಿತು.

ಓಡಬೇಕಿತ್ತು. ಪಕ್ಕದಲ್ಲಿ ಮ್ಯಾನೇಜರ್, ಓ ಮೈ ಗಾಡ್, ಆ ಮನುಷ್ಯ ನಿಜವಾದ ಗುಂಡು ತಂದಿದ್ದಾನಾ ಎಂದು ತನ್ನ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನನ್ನ ತಲೆಯಲ್ಲಿ ಇಂಗ್ಲಿಷ್ ವಾಕ್ಯಗಳು ಕಟ್ಟುತ್ತಿದ್ದವು, ಬೀಳುತ್ತಿದ್ದವು. ಚೀಲಕ್ಕೆ ಹಸಿವಾಗುತ್ತದೆ ಎಂದು ಹೇಗೆ ಹೇಳುವುದು? ಯಾರ ಮುಂದೆ? ಈಗಷ್ಟೇ ಇವರು ಯಾರೂ ಗೊತ್ತಿಲ್ಲ ಎಂದ ಬಾಯಿಂದ ಅವರು ನನ್ನ ಗಂಡ ಎಂದು ಹೇಗೆ ಹೇಳುವುದು? ನಾಚಿಕೆ ಗಂಡನ ಬಗ್ಗೆಯೋ, ಅಜ್ಜಿಯ ಬಗ್ಗೆಯೋ, ನನ್ನ ಬಗ್ಗೆಯೋ, ಒಂದೂ ತಿಳಿಯದೆ ಹಗ್ಗ ಹಿಡಿದುಕೊಂಡು ನಿಂತೆ. ಅವರು ನನ್ನನ್ನೇ ನೋಡುತ್ತಿದ್ದರು. ಕರೆಯಲಿಲ್ಲ, ಕೈ ಮಾಡಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು.

ಕೊನೆಗೆ ಅವರು ಕಣ್ಣು ತೆಗೆದು ಪಟ್ಟಿಯನ್ನು ಹೆಗಲಿನಿಂದ ಇಳಿಸಿ, ಚೀಲವನ್ನು ಆ ಹಿರಿಯರ ಕೈಗೆ ಕೊಟ್ಟು, ಟೋಪಿಯನ್ನೂ ತೆಗೆದರು. ಟೋಪಿ ತೆಗೆದದ್ದನ್ನು ನೋಡಿದ್ದೇ ತಡ, ಹಗ್ಗ ಎತ್ತಿ ನುಗ್ಗಿದೆ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅದು ನಾನು ಹೊಲಿದದ್ದು, ಅವರಿಗೆ ಗೊತ್ತಿಲ್ಲ, ಅದು ಕಾಳು, ತಿನ್ನುವ ಕಾಳು ಎಂದೆ. ಬಿಚ್ಚಿ ತೋರಿಸು ಎಂದರು. ಬಟ್ಟೆಯ ಅಜ್ಜಿ ಮಾತಿಲ್ಲದೆ ಸೊಂಟದ ಕತ್ತರಿ ಬಿಚ್ಚಿ ಕೊಟ್ಟರು. ಹುಲ್ಲಿನ ಮೇಲೆ ಕೂತು ನನ್ನದೇ ಟಾಕುಗಳನ್ನು ಬಿಚ್ಚಿದೆ. ಎಷ್ಟು ಗಟ್ಟಿಯಾಗಿ ಹೊಲಿದಿದ್ದೆನೆಂದರೆ ಕತ್ತರಿಯ ತುದಿ ಒಳಹೋಗಲೊಲ್ಲದು. ಜೀವನದಲ್ಲಿ ಮೊದಲ ಸಲ ನನ್ನ ಹೊಲಿಗೆ ಕೆಟ್ಟದಾಗಿರಬಾರದಿತ್ತೇ ಅನ್ನಿಸಿತು. ಏಳು ಕಾಳು ಆ ಹಿರಿಯರ ಅಂಗೈಗೆ ಬಿದ್ದವು. ಅವರು ಒಂದನ್ನು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಡಿದರು. ಹಿಟ್ಟಾಯಿತು. ಯಾಕೆ ಹಾಕಿದೆ ಎಂದರು.

"ಇಫ್ ಇಟ್ ಈಸ್ ಎಂಪ್ಟಿ, ಇಟ್ ಗೆಟ್ಸ್ ಹಂಗ್ರಿ," ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವರು ಉಳಿದ ಆರು ಕಾಳನ್ನು ತಮ್ಮ ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡು, ನಮ್ಮವರನ್ನು ನೋಡಿ ತೀರ್ಪು ಹೇಳಿದರು. ಸೀಸ ಅಲ್ಲ, ಆದ್ದರಿಂದ ತಂಡದಿಂದ ಹೊರಗೆ ಹಾಕುವ ಮಾತಿಲ್ಲ. ಆದರೆ ಗಟ್ಟಿ ಕಾಳು ಯಾವುದೇ ಇರಲಿ, ನಳಿಗೆಗೆ ಬಿದ್ದರೆ ಗುಂಡೇ. ಇವತ್ತು ಮದ್ದು ಇಲ್ಲ. ಸಾಲಿನಲ್ಲಿ ನಿಲ್ಲು, ಎಲ್ಲರ ಜೊತೆ ಕೈ ಆಡಿಸು, ಹಾರಿಸಬೇಡ. ನಮ್ಮವರು ಟೋಪಿ ಹಾಕಿಕೊಂಡು, ಖಾಲಿ ಬಂದೂಕು ವಾಪಸು ತೆಗೆದುಕೊಂಡು ಐದನೆಯ ಜಾಗಕ್ಕೆ ಹೋಗಿ ನಿಂತರು.

ನಾನು ಹಗ್ಗದ ಹೊರಗೆ ಬಂದೆ. ಅವರು ನಿನ್ನ ಗಂಡನಾ ಎಂದು ಮ್ಯಾನೇಜರ್ ಕೇಳಿದಳು. ಹೌದು ಎಂದೆ. ಅವಳು ಬೇರೇನೂ ಕೇಳದೆ ಮಕ್ಕಳ ಕಿವಿ ಮುಚ್ಚಿದಳು, ಏಕೆಂದರೆ ಅಷ್ಟರಲ್ಲಿ ಆಜ್ಞೆ ಕೊಟ್ಟಾಗಿತ್ತು. ಹನ್ನೊಂದು ಬಂದೂಕು ಒಟ್ಟಿಗೆ ಹಾರಿದವು. ಬಿಳಿ ಹೊಗೆ ಸಾಲನ್ನೆಲ್ಲ ಮುಚ್ಚಿತು, ಜನ ಚಪ್ಪಾಳೆ ತಟ್ಟಿದರು. ಹೊಗೆ ಸರಿದ ಮೇಲೆ ನೋಡಿದರೆ ಎಲ್ಲರ ಮುಖವೂ ಮಸಿಯಾಗಿತ್ತು, ನಮ್ಮವರದು ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಇದ್ದಂತೆಯೇ ಸ್ವಚ್ಛವಾಗಿತ್ತು. ಎರಡು ಚಳಿಗಾಲ ಉಜ್ಜಿದ ಬಂದೂಕು ಅದು. ನನಗೆ ಅಳು ಬಂತು, ಅತ್ತುಬಿಟ್ಟೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಎಕ್ಸಿಟ್ ಹತ್ತಿರ ಬಂತು, ಲೇನ್ ಬದಲಿಸು ಎಂದಷ್ಟೇ ಹೇಳಿದರು. ಮನೆಗೆ ಬಂದು ಬಂದೂಕನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ನನ್ನ ಮುಂದೆ ಇಟ್ಟರು. ಸಿಟ್ಟು ಬಂದಿದ್ದರೆ ನಾನೂ ಎರಡು ಮಾತು ಆಡಿ ಮುಗಿಸಬಹುದಿತ್ತು. ಸಿಟ್ಟು ಬಾರದವರ ಮುಂದೆ ಏನು ಮಾಡಬೇಕೆಂದು ನನ್ನ ತವರಿನಲ್ಲಿ ಯಾರೂ ಕಲಿಸಿಲ್ಲ.

ಮೂರು ವಾರ ಆ ಚೀಲ ಮೂಲೆ ಬಿಚ್ಚಿಕೊಂಡೇ ಅಡುಗೆಮನೆಯ ಕುರ್ಚಿಗೆ ನೇತಾಡಿತು. ಜೂನ್‌ನಲ್ಲಿ ಇನ್ನೊಂದು ಮೈದಾನವಿದೆ, ಅಲ್ಲಿ ಅವರಿಗೆ ಹಾರಿಸಲು ಕೊಡುತ್ತಾರಂತೆ ಎಂದು ಬಟ್ಟೆಯ ಅಜ್ಜಿ ಫೋನಿನಲ್ಲಿ ಹೇಳಿದರು, ಇವರಲ್ಲ. ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ, ಬದನೆಕಾಯಿಯ ಎಣಗಾಯಿ ಮಾಡಿದ್ದೆ. ಅವರು ಊಟ ಮಾಡುತ್ತಿದ್ದರು, ನಾನು ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಮೂಲೆಯನ್ನು ಮುಚ್ಚಲು ಶುರು ಮಾಡಿದೆ.

"ಒಳಗ ಏನು ಹಾಕ್ತಿ?" ಎಂದರು.

ಏನೂ ಇಲ್ಲ, ಸಾಕಾತು ಎಂದೆ.

"ಖಾಲಿ ಬ್ಯಾಡ," ಎಂದು ತಟ್ಟೆಯ ರೊಟ್ಟಿಯಿಂದ ಉಗುರಷ್ಟು ಚೂರು ಮುರಿದು, ಬೆರಳಿನಲ್ಲಿ ಚಪ್ಪಟೆ ಮಾಡಿ ಮೇಜಿನ ಮೇಲೆ ಇಟ್ಟರು. ಅದು ಗಟ್ಟಿಯಿಲ್ಲ, ಗುಂಡಗಿಲ್ಲ. ಯಾವ ಬೆರಳಿಗೂ ಚರೆಯಂತೆ ಸಿಗುವುದಿಲ್ಲ. ನಮ್ಮಜ್ಜಿ ಹೇಳಿದ ಹಾಗೆ ಮಾಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದರೆ ನನ್ನ ವಿಷಯದಲ್ಲಿ ಉಂಡವರು ಅವರು.

ಚೂರನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಅದನ್ನು ಬಿಡಲಿಲ್ಲ, ಬೆರಳು ಅದರ ಮೇಲೆಯೇ ಇತ್ತು.

"ಅವತ್ತ ನೀ ನನ್ನ ನೋಡಿದ ಮ್ಯಾಲೆ ಹಗ್ಗದ ಆಚೆ ಎಷ್ಟೊತ್ತು ನಿಂತಿದ್ದಿ ಗೊತ್ತೇನು? ನಾ ಎಣಿಸಿದೆ. ಅರವತ್ತಕ್ಕ ನಿಲ್ಲಿಸಿದೆ."

ತುಟಿ ಅಲುಗುತ್ತಿದ್ದುದು ಅದಕ್ಕೆ. ತಪ್ಪಾತು ಎಂದೆ. ಅವರು ತಲೆಯಾಡಿಸಿದರು, ಆದರೆ ಅದು ಮುಗಿದಂತೆ ಕಾಣಲಿಲ್ಲ. ಹಂಗ ಎಣಿಸೂದು ಬಿಟ್ಟು ನನ್ನ ಕರೀಬೇಕಿತ್ತಲ್ಲ, ಒಂದು ಕೂಗು ಹಾಕಬೇಕಿತ್ತಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ಅದು ಎಲ್ಲಿಂದ ಬಂತೋ.

"ಕರದ್ರ ಬರ್ತಿದ್ದೇನು?"

ಬರ್ತಿದ್ದೆ ಎನ್ನಲು ಬಾಯಿ ತೆರೆದೆ. ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದಳು, ಮಕ್ಕಳ ಕೈ ಹಿಡಿದಿದ್ದಳು, ಇವರಲ್ಲಿ ಯಾರೂ ಗೊತ್ತಿಲ್ಲ ಎಂದು ನಾನು ಅವಳಿಗೆ ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ಅವರು ನನ್ನ ಹೆಸರು ಹಿಡಿದು ಕೂಗಿದ್ದರೆ ನಾನು ಹಿಂದೆ ತಿರುಗಿ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ನೋಡುತ್ತಿದ್ದೆನೋ ಏನೋ. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನಿಗೆ ಅಷ್ಟು ಸುಲಭದ ಒಂದು ಸುಳ್ಳು ಹೇಳಲೂ ನನ್ನಿಂದ ಆಗಲಿಲ್ಲ.

"ಗೊತ್ತಿಲ್ರೀ," ಎಂದೆ.

ಅವರು ಬೆರಳು ತೆಗೆದು ರೊಟ್ಟಿಯ ಚೂರನ್ನು ನನ್ನ ಕಡೆ ಸರಿಸಿ, ಉಳಿದ ಊಟ ಮುಂದುವರಿಸಿದರು.